ಶಟ್‌ಡೌನ್ ಕೆಲಸಕ್ಕೆ ಹೊರಟಿದ್ದೀರಾ? ಪರ್ಮಿಟ್ ಹಾಳೆ ಓದಿ

ಪ್ರಶ್ನೆ: ನಾನು ಪೈಪ್ ಫಿಟ್ಟರ್. ಮುಂದಿನ ತಿಂಗಳು ಮಂಗಳೂರಿನಲ್ಲಿ ರಿಫೈನರಿ ಶಟ್‌ಡೌನ್ (ಘಟಕ ನಿಲ್ಲಿಸಿ ರಿಪೇರಿ ಮಾಡುವ) ಕೆಲಸಕ್ಕೆ ಕಂಟ್ರಾಕ್ಟರ್ ಕಡೆಯಿಂದ ಹೋಗುತ್ತಿದ್ದೇನೆ. ಅಲ್ಲಿ ಯಾವ ಸೇಫ್ಟಿ ನಿಯಮ ಇರುತ್ತದೆ ಅಂತ ತಿಳಿದುಕೊಳ್ಳುವುದು ಹೇಗೆ?

ಮೊದಲು ಜಾಗ ಯಾವುದು ಅಂತ ನೋಡಬೇಕು. ನೆಲದ ಮೇಲೆ ಎಣ್ಣೆ ಬಾವಿ ಕೊರೆಯುವ ಜಾಗ ಕಾನೂನಿನ ಲೆಕ್ಕದಲ್ಲಿ ಗಣಿ, ಅದಕ್ಕೆ 2017ರ ಆಯಿಲ್ ಮೈನ್ಸ್ ರೆಗ್ಯುಲೇಷನ್ಸ್ ಇದೆ. ಸಮುದ್ರದಲ್ಲಿ ಎಣ್ಣೆ ತೆಗೆಯುವ ಪ್ಲಾಟ್‌ಫಾರ್ಮ್‌ಗೆ 2008ರ ನಿಯಮಗಳೇ ಬೇರೆ. ರಿಫೈನರಿ ಅಂದರೆ ಕಾರ್ಖಾನೆ, ಅದಕ್ಕೆ ಕಾರ್ಖಾನೆಗಳ ಕಾನೂನು. ಇದರ ಜೊತೆಗೆ 1986ರಲ್ಲಿ ಶುರುವಾದ ಒಐಎಸ್‌ಡಿ (ಆಯಿಲ್ ಇಂಡಸ್ಟ್ರಿ ಸೇಫ್ಟಿ ಡೈರೆಕ್ಟರೇಟ್) ಅನ್ನುವ ಕೇಂದ್ರದ ಸಂಸ್ಥೆಯ ಸ್ಟ್ಯಾಂಡರ್ಡ್‌ಗಳು ಇವೆ, ಅದರಲ್ಲಿ 105ನೇದು ಪೂರ್ತಿ ವರ್ಕ್ ಪರ್ಮಿಟ್ ಬಗ್ಗೆಯೇ, ಅಂದರೆ ಕೆಲಸ ಶುರು ಮಾಡಲು ಬರೆದು ಕೊಡುವ ಅನುಮತಿಯ ಬಗ್ಗೆ.

ಇದನ್ನೆಲ್ಲ ಕೂತು ಓದಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಇವತ್ತಿನ ಕೆಲಸಕ್ಕೆ ಏನೇನು ಆಗಿರಬೇಕು ಅನ್ನುವುದು ಆ ಪರ್ಮಿಟ್ ಹಾಳೆಯಲ್ಲೇ ಇರುತ್ತದೆ: ಯಾವ ಲೈನು, ಎಲ್ಲಿ ಬ್ಲೈಂಡ್ (ಪೈಪಿನ ದಾರಿ ಮುಚ್ಚುವ ಪ್ಲೇಟ್) ಹಾಕಿದ್ದಾರೆ, ಗ್ಯಾಸ್ ಟೆಸ್ಟ್ ಎಷ್ಟು ಗಂಟೆಗೆ ಆಯಿತು, ಆ ಪರ್ಮಿಟ್ ಎಷ್ಟು ಹೊತ್ತಿನವರೆಗೆ ನಡೆಯುತ್ತದೆ. ಸೂಪರ್‌ವೈಸರ್ ಜೇಬಲ್ಲಿ ಇದೆ ಅಂದರೆ ಸಾಕಾಗುವುದಿಲ್ಲ, ಕೇಳಿ ಇಸ್ಕೊಂಡು ನೋಡಿ. ಹಾಳೆಯಲ್ಲಿರುವ ಲೈನ್ ನಂಬರೂ ಪೈಪಿನ ಮೇಲಿನ ಟ್ಯಾಗೂ ಒಂದೇನಾ ಅಂತ ಕಣ್ಣಾರೆ ನೋಡಿದ ಮೇಲೇ ಸ್ಪ್ಯಾನರ್ ಹಾಕಿ.

ಒಂದು ಹಾಳೆಗೆ ಇಷ್ಟು ಮಹತ್ವ ಯಾಕೆ ಅಂತೀರಾ? 1988ರ ಜುಲೈ 6ರಂದು ಸ್ಕಾಟ್ಲೆಂಡ್ ಹತ್ತಿರದ ಸಮುದ್ರದಲ್ಲಿ ಪೈಪರ್ ಆಲ್ಫಾ ಅನ್ನುವ ಎಣ್ಣೆ ಪ್ಲಾಟ್‌ಫಾರ್ಮ್ ಹೊತ್ತಿ ಉರಿಯಿತು. ಹಗಲು ಪಾಳಿಯವರು ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿ ಆ ಜಾಗಕ್ಕೆ ಸುಮ್ನೆ ಒಂದು ಪ್ಲೇಟ್ ಮುಚ್ಚಿದ್ದರು. ಅದರ ಪರ್ಮಿಟ್ ರಾತ್ರಿ ಪಾಳಿಯವರ ಕಣ್ಣಿಗೆ ಬೀಳಲೇ ಇಲ್ಲ, ಇನ್ನೊಂದು ಪಂಪ್ ನಿಂತಾಗ ಅವರು ಇದನ್ನೇ ಚಾಲೂ ಮಾಡಿದರು, ಆ ಪ್ಲೇಟಿನ ಜಾಗದಿಂದ ಗ್ಯಾಸ್ ಸೋರಿ ಬೆಂಕಿ ಹತ್ತಿತು. 167 ಜನ ಸತ್ತರು.

ವೆಸೆಲ್ (ಮುಚ್ಚಿದ ದೊಡ್ಡ ಟ್ಯಾಂಕ್) ಒಳಗೆ ಇಳಿಯುವ ಕೆಲಸವಾದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಮೀಟರಿನಲ್ಲಿ ಆಮ್ಲಜನಕ ಶೇ. 19.5ರಿಂದ 23.5ರ ಒಳಗೇ ಇರಬೇಕು. ಕೊಳೆತ ಮೊಟ್ಟೆ ವಾಸನೆಯ ಎಚ್‌ಟುಎಸ್ (ಹೈಡ್ರೋಜನ್ ಸಲ್ಫೈಡ್) ಅನ್ನುವ ವಿಷದ ಗ್ಯಾಸ್ ಗಾಳಿಗಿಂತ ಭಾರ, ತಗ್ಗಿನಲ್ಲಿ ಕೂತುಬಿಡುತ್ತದೆ, ಮತ್ತೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಆಸುಪಾಸಿಗೆ ಬಂದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ವಾಸನೆ ಹೋಯ್ತಲ್ಲ ಅಂತ ಸಮಾಧಾನಪಟ್ಟುಕೊಳ್ಳಬೇಡಿ. ಆಮ್ಲಜನಕವನ್ನು ಹೊರಗೆ ತಳ್ಳಿ ಉಸಿರುಗಟ್ಟಿಸುವ ನೈಟ್ರೋಜನ್‌ಗಂತೂ ವಾಸನೆಯೇ ಇಲ್ಲ. ಒಳಗೆ ಯಾರಾದರೂ ಬಿದ್ದರೆ ಎತ್ತೋಣ ಅಂತ ಹಿಂದೆಯೇ ಹಾರಬೇಡಿ ದಯವಿಟ್ಟು, ಎತ್ತಲು ಹೋದವರೂ ಅಲ್ಲೇ ಬೀಳುತ್ತಾರೆ. ಅಲಾರಂ ಕೊಟ್ಟು, ಉಸಿರಾಟದ ಸೆಟ್ ಹಾಕಿಕೊಂಡ ರೆಸ್ಕ್ಯೂ ಟೀಮನ್ನು ಕರೆಯಿರಿ.

ಹೆಲ್ಮೆಟ್, ಶೂ, ಬೆಲ್ಟ್ ಗೇಟಿನಲ್ಲೇ ಕೇಳುತ್ತಾರೆ, ಅದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮೊದಲ ದಿನದ ಸೇಫ್ಟಿ ಟ್ರೇನಿಂಗ್ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇಲ್ಲದಿದ್ದರೆ ಸಹಿ ಹಾಕುವ ಮುಂಚೆಯೇ ಸೇಫ್ಟಿ ಆಫೀಸರ್‌ಗೆ ಹೇಳಿ, ಕನ್ನಡದಲ್ಲೋ ತುಳುವಿನಲ್ಲೋ ಇನ್ನೊಮ್ಮೆ ಹೇಳಿಸಿಕೊಳ್ಳಿ. ಊಟಕ್ಕೆ ಹೋಗಿ ಬಂದ ಮೇಲೆ ಗ್ಯಾಸ್ ಟೆಸ್ಟ್ ಮತ್ತೆ ಆಯಿತಾ ಅಂತಲೂ ಕೇಳಿ. ಮ್ಯಾನ್‌ಹೋಲ್ ಬಾಗಿಲಲ್ಲಿ ಕಾಯುವವನು ಎದ್ದು ಹೋಗಿದ್ದರೆ ನೀವೂ ಹೊರಗೆ ಬನ್ನಿ.