ಫ್ಯಾಮಿಲಿ ಶೆಲ್ಟರ್ ಅಂದರೆ ಏನು? ಚಟ ಬಿಡುವುದಕ್ಕೂ ಅದಕ್ಕೂ ಏನು ನಂಟು?

ಅಮೆರಿಕದ ಸುದ್ದಿ ಓದುವವರಿಗೆ ಫ್ಯಾಮಿಲಿ ಶೆಲ್ಟರ್ ಎಂಬ ಮಾತು ಆಗಾಗ ಸಿಗುತ್ತದೆ. ಮನೆ ಕಳೆದುಕೊಂಡ ಅಪ್ಪ, ಅಮ್ಮ, ಮಕ್ಕಳು ಬೇರೆಯಾಗದೆ ಒಟ್ಟಿಗೇ ಇರಲು ಸಿಗುವ ತಾತ್ಕಾಲಿಕ ಜಾಗ ಅದು. ಒಂಟಿ ಜನರ ಶೆಲ್ಟರ್‌ಗಳು ಬೇರೆ ಥರ. ಹೆಚ್ಚಿನ ಕಡೆ ದೊಡ್ಡ ಹಾಲ್, ಸಾಲು ಮಂಚ, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಎಷ್ಟೋ ಕಡೆ ಬೆಳಿಗ್ಗೆ ಎದ್ದು ಹೊರಗೆ ಹೋಗಲೇಬೇಕು. ಫ್ಯಾಮಿಲಿ ಶೆಲ್ಟರ್‌ನಲ್ಲಿ ಸಾಮಾನ್ಯವಾಗಿ ಕುಟುಂಬಕ್ಕೊಂದು ಕೋಣೆ ಇರುತ್ತದೆ, ಅಡುಗೆಮನೆ ಹಂಚಿಕೊಳ್ಳಬೇಕಾಗಬಹುದು, ವಾಸ ತಿಂಗಳುಗಟ್ಟಲೆ ನಡೆಯಬಹುದು, ಮತ್ತು ಕೇಸ್ ಮ್ಯಾನೇಜರ್ ಅಂತ ಒಬ್ಬರು ಆ ಕುಟುಂಬದ ಬೆನ್ನಿಗೆ ನಿಂತು ಗುರುತಿನ ಚೀಟಿ, ಮಕ್ಕಳ ಶಾಲೆ, ಡಾಕ್ಟರು, ಬಾಡಿಗೆ ನೆರವಿನ ಅರ್ಜಿ ಎಲ್ಲದರಲ್ಲೂ ಜೊತೆಗಿರುತ್ತಾರೆ.

2024ರ ಜನವರಿಯಲ್ಲಿ ಅಮೆರಿಕದಲ್ಲಿ ಒಂದು ರಾತ್ರಿಯ ಎಣಿಕೆ ನಡೆಯಿತು. ಮನೆ ಇಲ್ಲದವರು ಸುಮಾರು 7.7 ಲಕ್ಷ ಜನ ಸಿಕ್ಕಿದರು. ಅವರಲ್ಲಿ ಸುಮಾರು 2.6 ಲಕ್ಷ ಜನ ಮಕ್ಕಳಿರುವ ಕುಟುಂಬದವರು. ಇವರೆಲ್ಲ ಕುಡಿತ, ಡ್ರಗ್ಸ್‌ನಿಂದ ಬೀದಿಗೆ ಬಂದವರು ಅಂದುಕೊಳ್ಳಬೇಡಿ. ಬಾಡಿಗೆ ಕಟ್ಟಲಾಗದೆ ಬಂದವರೇ ಬಹಳ ಮಂದಿ. ಚಟವೂ ಸೇರಿಕೊಂಡ ಕುಟುಂಬಗಳ ಕಷ್ಟ ಮಾತ್ರ ಇನ್ನೊಂದು ಥರದ್ದು, ಮತ್ತು ಈ ಜಾಗದ ಬೆಲೆ ಏನು ಅಂತ ಅಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಹೆರಾಯಿನ್ ಅಥವಾ ನೋವಿನ ಮಾತ್ರೆಗಳ ಚಟಕ್ಕೆ ಬಿದ್ದ ಒಬ್ಬ ತಾಯಿಯನ್ನು ನೆನೆಸಿಕೊಳ್ಳಿ. ಚಿಕಿತ್ಸೆಗೆ ಸೇರಲು ಆಕೆಗೆ ಮನಸ್ಸಿದೆ. ಆದರೆ ಸೇರಿದರೆ ಮಗುವನ್ನು ಯಾರು ನೋಡಿಕೊಳ್ಳಬೇಕು? ನೋಡಿಕೊಳ್ಳುವವರು ಇಲ್ಲದಿದ್ದರೆ ಮಗು ಫಾಸ್ಟರ್ ಕೇರ್‌ಗೆ, ಅಂದರೆ ಸರ್ಕಾರ ಗೊತ್ತುಮಾಡಿದ ಬೇರೆಯವರ ಮನೆಗೆ ಹೋಗಬಹುದು. 1997ರ ಒಂದು ಕಾನೂನಿನ ಪ್ರಕಾರ, ಕಳೆದ 22 ತಿಂಗಳಲ್ಲಿ 15 ತಿಂಗಳು ಮಗು ಹಾಗೆ ಹೊರಗಿದ್ದರೆ, ಹೆತ್ತವರ ಹಕ್ಕನ್ನೇ ರದ್ದು ಮಾಡಿ ಅಂತ ರಾಜ್ಯ ಸರ್ಕಾರ ಕೋರ್ಟಿಗೆ ಹೋಗಬೇಕು. ಕೆಲವು ವಿನಾಯಿತಿಗಳೇನೋ ಇವೆ. ಆದರೂ ಚಟದಿಂದ ಹೊರಬರಲು ವರ್ಷಗಳೇ ಹಿಡಿಯಬಹುದು, ನಡುವೆ ಒಂದೆರಡು ಸಲ ಜಾರುವುದು ತೀರಾ ಸಾಮಾನ್ಯ, ಆ 15 ತಿಂಗಳು ಇದಕ್ಕೆಲ್ಲ ಎಲ್ಲಿ ಸಾಕಾಗುತ್ತದೆ? ಹಾಗಾಗಿ ಆಕೆ ಬಾಯಿ ಬಿಡುವುದಿಲ್ಲ. ಚಟ ಮುಚ್ಚಿಡುತ್ತಾಳೆ, ಕಾರಿನಲ್ಲಿ ಮಲಗುತ್ತಾಳೆ. ಇದನ್ನು ಹಟ ಅನ್ನುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಮಗು ಕೈತಪ್ಪುವ ಭಯ.

ಮಗುವೂ ತಾಯಿಯೂ ಒಂದೇ ಕೋಣೆಯಲ್ಲಿದ್ದುಕೊಂಡು ಚಿಕಿತ್ಸೆ ನಡೆಯುವುದಾದರೆ ಈ ಭಯ ಅರ್ಧ ಇಳಿಯುತ್ತದೆ. 2018ರ ಫ್ಯಾಮಿಲಿ ಫಸ್ಟ್ ಕಾನೂನು ಇದನ್ನು ಒಪ್ಪಿಕೊಂಡಿತು. ಚಿಕಿತ್ಸೆ ಪಡೆಯುತ್ತಿರುವ ತಾಯಿ ಅಥವಾ ತಂದೆಯ ಜೊತೆಗೇ ಮಗುವನ್ನು ಇರಿಸಲು 12 ತಿಂಗಳವರೆಗೆ ಅಲ್ಲಿನ ಕೇಂದ್ರ ಸರ್ಕಾರದ ಹಣ ಸಿಗುವಂತಾಯಿತು. ಇದು ವಸತಿ ಚಿಕಿತ್ಸಾ ಕೇಂದ್ರಗಳಿಗೆ ಸಂಬಂಧಿಸಿದ್ದು, ಎಲ್ಲ ಶೆಲ್ಟರ್‌ಗಳಿಗೂ ಅಲ್ಲ. ಶೆಲ್ಟರ್‌ಗಳ ಮಟ್ಟಿಗೆ 2009ರಲ್ಲೇ ಒಂದು ನಿಯಮ ಬಂದಿತ್ತು: ಕೇಂದ್ರ ಸರ್ಕಾರದ ಹಣ ಪಡೆಯುವ ಫ್ಯಾಮಿಲಿ ಶೆಲ್ಟರ್, 18 ವರ್ಷದೊಳಗಿನ ಮಗುವಿನ ವಯಸ್ಸನ್ನು ನೆಪ ಮಾಡಿ ಕುಟುಂಬವನ್ನು ವಾಪಸ್ ಕಳಿಸುವಂತಿಲ್ಲ. ಅದಕ್ಕೂ ಮುಂಚೆ, ಹದಿಹರೆಯದ ಹುಡುಗ ಜೊತೆಗಿದ್ದರೆ ಸೇರಿಸಿಕೊಳ್ಳದ ಕಡೆ ತಾಯಂದಿರು ದೊಡ್ಡ ಮಗನನ್ನು ಬೇರೆಲ್ಲೋ ಬಿಟ್ಟು ಬರಬೇಕಾಗುತ್ತಿತ್ತು.

ಇನ್ನು ಚಿಕಿತ್ಸೆ. ಹೆರಾಯಿನ್, ನೋವಿನ ಮಾತ್ರೆಗಳ ಚಟಕ್ಕೆ ಕೊಡುವ ಮೆಥಡೋನ್, ಬ್ಯುಪ್ರೆನಾರ್ಫಿನ್ ಎಂಬ ಔಷಧಿಗಳು ಹಂಬಲವನ್ನು ತಗ್ಗಿಸುತ್ತವೆ, ಓವರ್‌ಡೋಸ್‌ನಿಂದ ಸಾಯುವ ಅಪಾಯವನ್ನೂ ಕಡಿಮೆ ಮಾಡುತ್ತವೆ. ಮೆಥಡೋನ್‌ಗಾಗಿ ಶುರುವಿನಲ್ಲಿ ಸಾಮಾನ್ಯವಾಗಿ ದಿನಾ ಕ್ಲಿನಿಕ್‌ಗೆ ಹೋಗಬೇಕು. ಇರಲು ಒಂದು ಜಾಗ ಇಲ್ಲದೆ, ಮಗುವನ್ನು ನೋಡಿಕೊಳ್ಳುವವರಿಲ್ಲದೆ ಅದು ಹೇಗೆ ಸಾಧ್ಯ? ಇದೂ ಒಂದು ಮಾದಕವೇ ಅಲ್ವಾ ಎಂದು ಈ ಔಷಧಿ ತೆಗೆದುಕೊಳ್ಳುವವರನ್ನು ದೂರ ಇಡುವ ಕಡೆಗಳೂ ಇವೆ. ಅದು ತಪ್ಪು, ಜೀವಕ್ಕೇ ಕುತ್ತು ತರುವ ತಪ್ಪು.

ಜಾರಿದವರನ್ನು ಹೊರಹಾಕಬೇಕೇ ಎಂಬುದು ನಿಜಕ್ಕೂ ಕಷ್ಟದ ಪ್ರಶ್ನೆ. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಶುರು ಮಾಡಿದ ಹೌಸಿಂಗ್ ಫಸ್ಟ್ ಕ್ರಮದಲ್ಲಿ ಮೊದಲು ಮನೆ ಕೊಡುತ್ತಾರೆ, ಚಟ ಬಿಟ್ಟರೆ ಮಾತ್ರ ಎಂಬ ಷರತ್ತು ಹಾಕುವುದಿಲ್ಲ. ಹಲವು ಕುಟುಂಬಗಳು ಒಂದೇ ಕಟ್ಟಡದಲ್ಲಿದ್ದಾಗ ಬೇರೆ ಮಕ್ಕಳ ಸುರಕ್ಷತೆಯನ್ನೂ ನೋಡಬೇಕು, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಒಂದು ಸಲ ಜಾರಿದ ತಾಯಿಯನ್ನು ಮಗುವಿನ ಸಮೇತ ಬೀದಿಗೆ ಕಳಿಸಿದರೆ ಅವಳು ಇನ್ನೂ ಆಳಕ್ಕೆ ಬೀಳುತ್ತಾಳೆ. ಅಲ್ಲೇ ಉಳಿಸಿಕೊಂಡು ಚಿಕಿತ್ಸೆ ಬಿಗಿ ಮಾಡುವುದೇ ಮೇಲು.

ನಮ್ಮಲ್ಲೂ ಇದಕ್ಕೆ ಜಾಗ ಇದೆ, ಕಾಗದದ ಮೇಲಾದರೂ. ನಗರದ ವಸತಿರಹಿತರಿಗಾಗಿ ಕೇಂದ್ರ ಸರ್ಕಾರ ರೂಪಿಸಿದ ಯೋಜನೆಯ ಮಾರ್ಗಸೂಚಿಯಲ್ಲಿ ಒಂದು ಲಕ್ಷ ಜನಸಂಖ್ಯೆಗೆ 100 ಜನರ ಆಶ್ರಯ ಇರಬೇಕು ಅಂತಿದೆ, ಕುಟುಂಬಗಳಿಗೆ ಬೇರೆಯೇ ಆಶ್ರಯದ ಮಾತೂ ಇದೆ. ಚಟದ ಚಿಕಿತ್ಸೆ ಬೇರೆ ಕಡೆ ಸಿಗುತ್ತದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೇ ಪ್ರತ್ಯೇಕ ವಿಭಾಗವಿದೆ. ಇವೆರಡನ್ನೂ ಜೋಡಿಸುವವರು ಬೇಕು. ನಿಮಗೆ ಗೊತ್ತಿರುವ ಯಾರಿಗಾದರೂ ನೆರವು ಬೇಕಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಅವರು ಹೇಳುವ ಕೇಂದ್ರಕ್ಕೆ ಹೊರಡುವ ಮುಂಚೆ, ಅಲ್ಲಿ ಹೆಂಗಸರನ್ನು ಸೇರಿಸಿಕೊಳ್ಳುತ್ತಾರಾ, ಮಗುವನ್ನು ಜೊತೆಗೆ ಇಟ್ಟುಕೊಳ್ಳಲು ಬಿಡುತ್ತಾರಾ ಎಂದು ಕೇಳಿಕೊಳ್ಳಿ.