ಜಂಗ್-ಉನ್: ಕಿಮ್ ಜಾಂಗ್ ಉನ್ ಒಬ್ಬರದೇ ಹೆಸರಲ್ಲ

ನಮ್ಮ ನ್ಯೂಸ್ ಚಾನೆಲ್ ನೋಡೋರಿಗೆ "ಜಾಂಗ್ ಉನ್" ಅಂದ ತಕ್ಷಣ ಕಣ್ಮುಂದೆ ಬರೋದು ಒಂದೇ ಮುಖ. ಉತ್ತರ ಕೊರಿಯಾ, ಮಿಸೈಲು, ಪರೇಡು, ಆ ಹೇರ್‌ಸ್ಟೈಲು. ಆದ್ರೆ ಅದೇ ಹೆಸರು ಗಡಿ ದಾಟಿ ದಕ್ಷಿಣ ಕೊರಿಯಾಗೆ ಹೋದ್ರೆ ಹೆಚ್ಚಾಗಿ ಹೆಣ್ಮಕ್ಕಳ ಹೆಸರು, ಕ್ಲಾಸಲ್ಲಿ ಆಫೀಸಲ್ಲಿ ಎಲ್ಲಾ ಕಡೆ ಸಿಗೋವಂಥ ತೀರಾ ಮಾಮೂಲಿ ಹೆಸರು. ಆಸ್ಕರ್ ಗೆದ್ದ ಸಿನಿಮಾದಲ್ಲಿ ಮಿಂಚಿದ ನಟಿಯ ಹೆಸರೂ ಇದೇ, ಅಮೆರಿಕದಲ್ಲಿ ಗಾಲ್ಫಿನ ದೊಡ್ಡ ಟೂರ್ನಮೆಂಟ್ ಗೆದ್ದ ಹುಡುಗಿಯ ಹೆಸರೂ ಇದೇ. ಇಂಗ್ಲಿಷಲ್ಲಿ ಸ್ಪೆಲಿಂಗ್ ಬೇರೆ ಬೇರೆ ಇರೋದ್ರಿಂದ ನಮಗೆ ಗೊತ್ತಾಗಲ್ಲ ಅಷ್ಟೇ, ಕೊರಿಯನ್ ಲಿಪಿಯಲ್ಲಿ ಬರೆದ್ರೆ ಎಲ್ಲಾ ಒಂದೇ.

ಹೀಗೆ ಒಂದೇ ಹೆಸರಿನ ಬೇರೆ ಬೇರೆ ಜನಕ್ಕೆ ಕೊರಿಯನ್ ಭಾಷೆಲಿ ಒಂದು ಪದಾನೇ ಇದೆ, "ದೋಂಗ್‌ಮ್ಯಂಗ್ ಈ-ಇನ್". ದೋಂಗ್ ಅಂದ್ರೆ ಅದೇ, ಮ್ಯಂಗ್ ಅಂದ್ರೆ ಹೆಸರು, ಈ ಅಂದ್ರೆ ಬೇರೆ, ಇನ್ ಅಂದ್ರೆ ಮನುಷ್ಯ. ಅದೇ ಹೆಸರು, ಬೇರೆ ಮನುಷ್ಯ. ಪೇಪರಲ್ಲಿ, ಟಿವಿ ಶೋಗಳಲ್ಲಿ, ಕೊರಿಯಾದವರು ದಿನಾ ಬಳಸೋ ನೇವರ್ ಅನ್ನೋ ಸರ್ಚ್ ಸೈಟಲ್ಲಿ, ಎಲ್ಲಾ ಕಡೆ ಈ ಪದ ಕಾಣುತ್ತೆ, ಯಾಕಂದ್ರೆ ಈ ಗೊಂದಲ ಅಲ್ಲಿ ಅಷ್ಟು ಸಾಮಾನ್ಯ.

ಯಾಕೆ ಹೀಗೆ ಅಂದ್ರೆ ಮೊದಲ ಕಾರಣ ಮನೆತನದ ಹೆಸರು, ಸರ್‌ನೇಮು. 2015ರ ಜನಗಣತಿ ಪ್ರಕಾರ ದಕ್ಷಿಣ ಕೊರಿಯಾದಲ್ಲಿ ಕಿಮ್ ಅನ್ನೋರು 1 ಕೋಟಿ 6 ಲಕ್ಷಕ್ಕೂ ಜಾಸ್ತಿ, ಅಂದ್ರೆ ಶೇಕಡಾ 21.5, ಆಮೇಲೆ ಲೀ ಶೇಕಡಾ 14.7, ಪಾರ್ಕ್ ಶೇಕಡಾ 8.4. ಈ ಮೂರನ್ನೇ ಕೂಡಿಸಿದ್ರೆ ದೇಶದ ಅರ್ಧಕ್ಕೆ ಹತ್ತಿರ ಬರುತ್ತೆ! ಹಳೇ ಕಾಲದಲ್ಲಿ ಸಾಮಾನ್ಯ ಜನಕ್ಕೆ, ಜೀತದವರಿಗೆ ಮನೆತನದ ಹೆಸರೇ ಇರ್ತಿರಲಿಲ್ಲ, ಅದು ಮೇಲ್ವರ್ಗದವರ ಸೊತ್ತು. 1909ರಲ್ಲಿ ಎಲ್ಲರೂ ಹೆಸರು ರಿಜಿಸ್ಟರ್ ಮಾಡಿಸ್ಲೇಬೇಕು ಅನ್ನೋ ಕಾನೂನು ಬಂದಾಗ ಹೆಸರಿಲ್ಲದವರು ಸಹಜವಾಗಿ ದೊಡ್ಡ ಮನೆತನಗಳ ಹೆಸರನ್ನೇ ಆರಿಸ್ಕೊಂಡ್ರು, ಹಾಗಾಗಿ ಕಿಮ್ಮು ಲೀಗಳು ಇನ್ನೂ ಬೆಳೆದ್ವು.

ಎಲ್ಲಾ ಕಿಮ್‌ಗಳೂ ಸಂಬಂಧಿಕರಾ ಅಂದ್ರೆ ಅದೂ ಇಲ್ಲ. ಕಿಮ್ ಒಳಗೇ ಗಿಮ್ಹೆ ಕಿಮ್, ಗ್ಯಂಗ್ಜು ಕಿಮ್ ಅಂತ ಮೂಲಪುರುಷರ ಊರಿನ ಮೇಲೆ ಪಂಗಡಗಳಿವೆ, ಅದಕ್ಕೆ ಬೊನ್‌ಗ್ವಾನ್ ಅಂತಾರೆ. ನಮ್ಮ ಗೋತ್ರ ಇದ್ದಂಗೆ ಅನ್ಕೊಳ್ಳಿ, ಒಂದೇ ಬೊನ್‌ಗ್ವಾನ್ ಆದ್ರೆ ಮದುವೆ ಆಗಂಗಿಲ್ಲ ಅಂತ ಕಾನೂನೇ ಇತ್ತು, 1997ರಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟು ಅದು ಸರಿಯಿಲ್ಲ ಅಂತ ತೀರ್ಪು ಕೊಟ್ಟಮೇಲೇ ಅದು ಸಡಿಲ ಆಗಿದ್ದು.

ಎರಡನೇ ಕಾರಣ ಸ್ವಂತ ಹೆಸರು. ಹೆಚ್ಚಿನ ಕೊರಿಯನ್ ಹೆಸರುಗಳಿಗೆ ಎರಡೇ ಅಕ್ಷರ, ಆ ಅಕ್ಷರಗಳಲ್ಲೂ ಹೆಸರಿಗೆ ಚೆನ್ನಾಗಿ ಕೇಳ್ಸೋದು ಕೆಲವೇ ಕೆಲವು, ಅದ್ರ ಮೇಲೆ ಪ್ರತಿ ಕಾಲಕ್ಕೂ ಒಂದೊಂದು ಫ್ಯಾಷನ್. 1948ರಲ್ಲಿ ಹುಟ್ಟಿದವರಲ್ಲಿ ಯಂಗ್-ಸು, ಸುನ್-ಜಾ ಜಾಸ್ತಿ, 1978ರಲ್ಲಿ ಜಂಗ್-ಹುನ್, ಜಿ-ಯಂಗ್, 1988ರಲ್ಲಿ ಜಿ-ಹುನ್, ಜಿ-ಹೆ, 2008ಕ್ಕೆ ಬಂದ್ರೆ ಮಿನ್-ಜುನ್, ಸೊ-ಯನ್. ಕೊರಿಯಾದವರು ಹೆಸರು ಕೇಳಿ ವಯಸ್ಸು ಊಹಿಸ್ತಾರೆ ಅನ್ನೋದು ಸುಮ್ನೆ ಮಾತಲ್ಲ. ಇನ್ನು ಅರ್ಥದ ವಿಷಯ, ಪ್ರತಿ ಅಕ್ಷರದ ಹಿಂದೆ ಸಾಮಾನ್ಯವಾಗಿ ಒಂದು ಚೀನೀ ಅಕ್ಷರ ಇರುತ್ತೆ, ಕೇಳೋಕೆ ಒಂದೇ ಥರ ಇದ್ರೂ ಹಿಂದಿರೋ ಅಕ್ಷರ ಬೇರೆ ಆದ್ರೆ ಅರ್ಥಾನೂ ಬೇರೆ. ಉತ್ತರ ಕೊರಿಯಾ ನಾಯಕನ ಹೆಸರಲ್ಲಿ ಜಂಗ್ ಅಂದ್ರೆ ನೇರ, ನ್ಯಾಯ, ಉನ್ ಅಂದ್ರೆ ಕೃಪೆ. ಬೇರೆ ಜಂಗ್-ಉನ್‌ಗಳ ಮನೇಲಿ ಅಪ್ಪ ಅಮ್ಮ ಬೇರೆ ಅಕ್ಷರ ಆರಿಸಿರಬಹುದು, ಆದ್ರೆ ಇವತ್ತಿನ ಪೇಪರಲ್ಲಿ ಹಂಗುಲ್ ಅನ್ನೋ ಕೊರಿಯನ್ ಲಿಪಿಯಲ್ಲಿ ಬರೆದಾಗ ಆ ವ್ಯತ್ಯಾಸ ಕಾಣೋದೇ ಇಲ್ಲ.

ಇಂಗ್ಲಿಷ್ ಸ್ಪೆಲಿಂಗ್ ಕಥೆ ಸ್ವಲ್ಪ ನಿಧಾನಕ್ಕೆ ನೋಡ್ಬೇಕು. ಈ ಹೆಸರಿನ ಮೊದಲ ಅಕ್ಷರದ ಸ್ವರ ನಮ್ಮ "ಜಂಗಮ" ಪದದ "ಜಂ"ಗೆ ಹತ್ತಿರ, ಎರಡನೇದು ತುಟಿ ದುಂಡಗೆ ಮಾಡದೇ ಹೇಳೋ "ಉ". ಉತ್ತರ ಕೊರಿಯಾ ಹಳೇ ಪದ್ಧತಿ ಹಿಡ್ಕೊಂಡು ಮೊದಲ ಅಕ್ಷರವನ್ನ ಜೆ-ಓ-ಎನ್-ಜಿ ಅಂತ ಬರೆಯುತ್ತೆ, ದಕ್ಷಿಣ ಕೊರಿಯಾ ಸರ್ಕಾರ 2000ದಲ್ಲಿ ತಂದ ನಿಯಮದ ಪ್ರಕಾರ ಜೆ-ಇ-ಓ-ಎನ್-ಜಿ, ಆದ್ರೆ ಜನ ತಮಗೆ ಇಷ್ಟ ಬಂದಂಗೆ ಬರ್ಕೋಬಹುದು, ಅದಕ್ಕೇ ಬಹಳ ಜನ ಜೆ-ಯು-ಎನ್-ಜಿ ಅಂತ ಬರೀತಾರೆ. ನಾವು ಇವನ್ನ ಓದಿ ಒಂದು ಕಡೆ ಜಾಂಗ್, ಇನ್ನೊಂದು ಕಡೆ ಜಂಗ್, ಮತ್ತೊಂದು ಕಡೆ ಜಿಯಾಂಗ್ ಅಂತ ಮೂರು ಹೆಸರು ಮಾಡ್ಕೋತೀವಿ. ಉಲ್ಟಾನೂ ಆಗುತ್ತೆ, ಹಾಡುಗಾರ ಕಿಮ್ ಜೊಂಗ್-ಕುಕ್ ಹೆಸರಲ್ಲೂ ಇಂಗ್ಲಿಷಲ್ಲಿ ಜೆ-ಓ-ಎನ್-ಜಿನೇ ಇರೋದು, ಆದ್ರೆ ಅದು ನಿಜವಾದ "ಒ" ಸ್ವರ, ಕೊರಿಯನ್ ಲಿಪಿಯಲ್ಲಿ ಬೇರೆಯೇ ಅಕ್ಷರ. ಲೀ ಅನ್ನೋದೂ ಅಷ್ಟೇ, ದಕ್ಷಿಣದಲ್ಲಿ ಬರೀ "ಈ" ಅಂತಾರೆ, ಉತ್ತರದಲ್ಲಿ "ರಿ".

ಸರಿ, ಈಗ ಜನರ ಕಡೆ ಬರೋಣ. ಮೊದಲು ಕಿಮ್ ಜಾಂಗ್ ಉನ್ ಕುಟುಂಬಾನೇ ನೋಡಿ. ಅವರ ಅಪ್ಪ ಕಿಮ್ ಜಾಂಗ್ ಇಲ್ ಹೆಸರಲ್ಲಿ ತಮ್ಮ ಅಮ್ಮ ಕಿಮ್ ಜಾಂಗ್ ಸುಕ್ ಹೆಸರಿನ "ಜಾಂಗ್", ಅಪ್ಪ ಕಿಮ್ ಇಲ್ ಸುಂಗ್ ಹೆಸರಿನ "ಇಲ್" ಎರಡೂ ಇದೆ. ಅದೇ ಜಾಂಗ್ ಮುಂದೆ ಮೂರೂ ಗಂಡುಮಕ್ಕಳಿಗೆ ಬಂತು, ಜಾಂಗ್ ನಾಮ್, ಜಾಂಗ್ ಚುಲ್, ಜಾಂಗ್ ಉನ್. ಅಣ್ಣತಮ್ಮಂದಿರ ಹೆಸರಲ್ಲಿ ಒಂದು ಅಕ್ಷರ ಕಾಮನ್ ಇಡೋದು ಕೊರಿಯಾದ ಹಳೇ ಪದ್ಧತಿ, ಅದಕ್ಕೆ ದೊಲ್ಲಿಮ್‌ಜಾ ಅಂತಾರೆ, ಆದ್ರೆ ಸಾಮಾನ್ಯವಾಗಿ ಅದು ತಲೆಮಾರಿಂದ ತಲೆಮಾರಿಗೆ ಬದಲಾಗುತ್ತೆ, ಇಲ್ಲಿ ಅಪ್ಪನದೇ ಮಕ್ಕಳಿಗೂ ಬಂದಿರೋದು ವಿಶೇಷ. ಇನ್ನೊಂದು ವಿಷಯ, 2017ರಿಂದ 2022ರವರೆಗೆ ದಕ್ಷಿಣ ಕೊರಿಯಾದ ಅಧ್ಯಕ್ಷರಾಗಿದ್ದ ಮೂನ್ ಜೆ-ಇನ್ ಅವರ ಹೆಂಡತಿ ಹೆಸರು ಕಿಮ್ ಜಂಗ್-ಸುಕ್, ಅಂದ್ರೆ ಕಿಮ್ ಜಾಂಗ್ ಉನ್ ಅಜ್ಜಿಯ ಹೆಸರು ಅಕ್ಷರಕ್ಕೆ ಅಕ್ಷರ ಅದೇ! 2018ರ ಸೆಪ್ಟೆಂಬರಲ್ಲಿ ಅವರು ಗಂಡನ ಜೊತೆ ಪ್ಯೊಂಗ್ಯಾಂಗಿಗೆ ಹೋಗಿದ್ರು, ಅದೇ ವರ್ಷ ನವೆಂಬರಲ್ಲಿ ಭಾರತಕ್ಕೆ ಬಂದು ಅಯೋಧ್ಯೆಯ ದೀಪೋತ್ಸವದಲ್ಲೂ ಇದ್ರು. ಅಯೋಧ್ಯೆ ಯಾಕೆ ಅಂದ್ರೆ ಗಿಮ್ಹೆ ಕಿಮ್‌ಗಳ ಮೂಲಪುರುಷ ರಾಜ ಸುರೊನ ಹೆಂಡತಿ ಹಿಯೋ ಹ್ವಾಂಗ್-ಓಕ್ "ಆಯುತಾ" ಅನ್ನೋ ದೇಶದಿಂದ ಹಡಗಲ್ಲಿ ಬಂದ ರಾಜಕುಮಾರಿ ಅಂತ ಕೊರಿಯಾದ ಹಳೇ ಐತಿಹ್ಯ, ಆ ಆಯುತಾನೇ ಅಯೋಧ್ಯೆ ಅಂತ ಬಹಳ ಜನ ನಂಬ್ತಾರೆ.

ಉತ್ತರದಲ್ಲಿ ಈಗ ಜಾಂಗ್ ಉನ್ ಅನ್ನೋ ಹೆಸರು ಬೇರೆ ಯಾರೂ ಇಟ್ಕೊಳ್ಳಂಗಿಲ್ಲ. 2014ರ ಡಿಸೆಂಬರಲ್ಲಿ ದಕ್ಷಿಣ ಕೊರಿಯಾದ ಕೆಬಿಎಸ್ ಚಾನೆಲ್ ವರದಿ ಮಾಡಿತ್ತು, 2011ರ ಜನವರಿಯಲ್ಲೇ ಆದೇಶ ಹೋಗಿತ್ತಂತೆ, ಆ ಹೆಸರಿನ ಮಗು ರಿಜಿಸ್ಟರ್ ಮಾಡಬೇಡಿ, ಈಗಾಗ್ಲೇ ಇರೋರು ಬದಲಾಯಿಸ್ಕೊಳ್ಳಿ ಅಂತ. ರಾಜನ ಹೆಸರು ಪ್ರಜೆ ಬಳಸಬಾರದು ಅನ್ನೋದು ಪೂರ್ವ ಏಷ್ಯಾದಲ್ಲಿ ಬಹಳ ಹಳೇ ನಿಯಮ. ಆದ್ರೆ ಹಿಂದೆ ಕೊರಿಯಾ ಆಳಿದ ಜೋಸನ್ ವಂಶದ ರಾಜರಲ್ಲಿ ಒಂದು ಕಾಳಜಿ ಇತ್ತು, ಜನಕ್ಕೆ ತೊಂದ್ರೆ ಆಗದಿರ್ಲಿ ಅಂತ ರಾಜಕುಮಾರರಿಗೆ ಯಾರೂ ಬಳಸದ ಅಪರೂಪದ ಒಂದೇ ಅಕ್ಷರದ ಹೆಸರು ಇಡ್ತಿದ್ರು, ಹಂಗುಲ್ ಲಿಪಿ ಕೊಟ್ಟ ಸೇಜೊಂಗ್ ರಾಜನ ನಿಜ ಹೆಸರು ಬರೀ "ದೊ". ಆ ಸೂಕ್ಷ್ಮ ನನಗೆ ತುಂಬಾ ಇಷ್ಟ. ಎಲ್ಲರ ಮನೇಲೂ ಇರೋ ಹೆಸರನ್ನ ಒಬ್ಬರಿಗಾಗಿ ಕಿತ್ಕೊಳ್ಳೋದು ಅನ್ಯಾಯ, ಅಷ್ಟು ವರ್ಷ ಆ ಹೆಸರಲ್ಲಿ ಓಡಾಡಿದೋರು ಒಂದು ದಿನ ಬೇರೆಯವರಾಗಿಬಿಡಬೇಕು ಅಂದ್ರೆ ಹೇಗೆ.

ದಕ್ಷಿಣದಲ್ಲಿ ಕಿಮ್ ಜಂಗ್-ಉನ್ ಅನ್ನೋ ಪೂರ್ತಿ ಹೆಸರಿನವರೇ ಫೇಮಸ್ ಆಗಿದ್ದಾರೆ. ಒಬ್ಬರು ನಟಿ, 2004ರಲ್ಲಿ ಎಸ್‌ಬಿಎಸ್‌ನ "ಲವರ್ಸ್ ಇನ್ ಪ್ಯಾರಿಸ್" ಸೀರಿಯಲ್ ಕೊರಿಯಾನೇ ಅಲ್ಲಾಡಿಸಿಬಿಟ್ಟಾಗ ಅದರ ನಾಯಕಿ ಇವರೇ, ಈಗಿನ ಕೆ-ಡ್ರಾಮಾ ಪ್ರೇಮಿಗಳು 2023ರ "ಸ್ಟ್ರಾಂಗ್ ಗರ್ಲ್ ನಾಮ್-ಸೂನ್"ನಲ್ಲಿ ನಾಯಕಿಯ ಅಮ್ಮನಾಗಿ ನೋಡಿರ್ತೀರ. ಇನ್ನೊಬ್ಬರು ಮಹಿಳಾ ಬಾಸ್ಕೆಟ್‌ಬಾಲ್ ಲೀಗಿನ ದೊಡ್ಡ ಸ್ಕೋರರ್. ಆ ನಟಿ ಫೇಮಸ್ ಆದಾಗ ಉತ್ತರದ ಜಾಂಗ್ ಉನ್ ಅನ್ನೋರು ಹೊರಗಿನವರಿಗೆ ಗೊತ್ತೇ ಇರ್ಲಿಲ್ಲ, 2009ರವರೆಗೂ ದಕ್ಷಿಣದ ಪೇಪರ್‌ಗಳು ಅವರ ಹೆಸರನ್ನ "ಜಂಗ್-ಊನ್" ಅಂತ ತಪ್ಪಾಗಿ ಬರೀತಿದ್ವು, ಸರಿಯಾದ ಹೆಸರು ತಿಳಿದ ಮೇಲೇ ಈ ಇಬ್ಬರು ಹೆಣ್ಮಕ್ಕಳಿಗೂ ಹೊಸ ಹೆಸರು-ಜೋಡಿ ಸಿಕ್ಕಿದ್ದು.

ಲೀ ಜಂಗ್-ಉನ್‌ಗಳಲ್ಲಿ ಮೊದಲು ನಟಿ. 1970ರಲ್ಲಿ ಹುಟ್ಟಿದವರು, ಎಷ್ಟೋ ವರ್ಷ ನಾಟಕ, ಸಣ್ಣ ಪುಟ್ಟ ಪಾತ್ರ ಮಾಡ್ಕೊಂಡು ಬಂದವರು, "ಪ್ಯಾರಾಸೈಟ್" ಸಿನಿಮಾದಲ್ಲಿ ಮಳೆ ರಾತ್ರಿ ಬಾಗಿಲ ಬೆಲ್ ಒತ್ತೋ ಆ ಹಳೇ ಮನೆಕೆಲಸದಾಕೆ ನೆನಪಿದ್ಯಾ, ಅವರೇ. ಅದಕ್ಕೂ ಮುಂಚೆ 2017ರ "ಓಕ್ಜಾ" ಸಿನಿಮಾದಲ್ಲಿ ಆ ದೊಡ್ಡ ಹಂದಿಗೆ ಧ್ವನಿ ಕೊಟ್ಟಿದ್ದೂ ಇವರೇ. ಮಾತೇ ಇಲ್ಲದ ಪ್ರಾಣಿಗೆ ಬರೀ ಉಸಿರಲ್ಲಿ, ನರಳಾಟದಲ್ಲಿ ಜೀವ ತುಂಬೋದು ಸಣ್ಣ ಕೆಲಸ ಅಲ್ಲ, ಗೊತ್ತಾದ್ಮೇಲೆ ಇನ್ನೊಂದ್ಸಲ ಕಿವಿಗೊಟ್ಟು ನೋಡಿ.

2019ರ ಮೇ 25ಕ್ಕೆ ಕಾನ್ ಚಿತ್ರೋತ್ಸವದಲ್ಲಿ "ಪ್ಯಾರಾಸೈಟ್" ದೊಡ್ಡ ಪ್ರಶಸ್ತಿ ಗೆದ್ದು ಇನ್ನೂ ಎರಡು ವಾರ ಆಗಿರಲಿಲ್ಲ, ಜೂನ್ 2ಕ್ಕೆ ಅಮೆರಿಕದ ಚಾರ್ಲ್‌ಸ್ಟನ್‌ನಲ್ಲಿ ಇನ್ನೊಬ್ಬ ಲೀ ಜಂಗ್-ಉನ್ ಯುಎಸ್ ವಿಮೆನ್ಸ್ ಓಪನ್ ಗಾಲ್ಫ್ ಗೆದ್ದರು. ಇವರ ಹೆಸರನ್ನ ಸ್ಕೋರ್‌ಬೋರ್ಡಲ್ಲಿ ನೋಡಿದವರಿಗೆ ಮೊದಲು ಪ್ರಿಂಟಿಂಗ್ ಮಿಸ್ಟೇಕ್ ಅನ್ಸುತ್ತೆ, "ಜಂಗ್-ಉನ್ ಲೀ6". ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡೋ, ಅಮೆರಿಕದ ಮಹಿಳಾ ಗಾಲ್ಫಿನ ಎಲ್‌ಪಿಜಿಎ ಟೂರಿನ ಲೀಡರ್‌ಬೋರ್ಡ್ ಫಾಲೋ ಮಾಡೋರು ಆ 6 ನೋಡಿ ತಲೆ ಕೆರ್ಕೊಂಡಿರ್ತಾರೆ.

ಆ 6 ಬಂದಿದ್ದು ಕೊರಿಯಾದ ಮಹಿಳಾ ಗಾಲ್ಫ್ ಸಂಸ್ಥೆ ಕೆಎಲ್‌ಪಿಜಿಎಯಿಂದ. ಅಲ್ಲಿ ಅದೇ ಹೆಸರಿನವರು ಮತ್ತೊಬ್ಬರು ಸದಸ್ಯರಾದ್ರೆ ಸೇರಿದ ಕ್ರಮದಲ್ಲಿ ಹೆಸರಿನ ಕೊನೆಗೆ ನಂಬರ್ ಹಾಕ್ತಾರೆ. ಇವರು ಆ ಹೆಸರಿನ ಆರನೇ ಆಟಗಾರ್ತಿ, ಹಾಗಾಗಿ 6. ಐದನೇಯವರೂ, ಅಂದ್ರೆ 1988ರಲ್ಲಿ ಹುಟ್ಟಿದ ಲೀ5, ಅಮೆರಿಕದ ಅದೇ ಟೂರಲ್ಲಿ ಆಡಿದ್ದಾರೆ, ಒಂದೇ ಟೂರ್ನಮೆಂಟಲ್ಲಿ ಲೀ5, ಲೀ6 ಇಬ್ಬರೂ ಇದ್ದರೆ ಕಾಮೆಂಟೇಟರ್‌ಗಳು ನಂಬರ್ ಸೇರಿಸಿ ಕರೀಲೇಬೇಕು. ಬೇರೆಯವರಾಗಿದ್ರೆ ಅಮೆರಿಕಕ್ಕೆ ಬಂದ್ಮೇಲೆ ಆ ನಂಬರ್ ಬಿಟ್ಟು ಬೇರೆ ಯಾವ್ದಾದ್ರೂ ಇಂಗ್ಲಿಷ್ ಹೆಸರು ಇಟ್ಕೋತಿದ್ರೇನೋ, ಇವರು ಮಾತ್ರ ಅದನ್ನ ಪ್ರೀತಿಯಿಂದ ಹಿಡ್ಕೊಂಡ್ರು. ಬಾಲ್ ಮೇಲೆ ದೊಡ್ಡದಾಗಿ 6 ಬರ್ಕೋತಾರೆ, ಅಭಿಮಾನಿಗಳ ಗುಂಪಿನ ಹೆಸರು ಲಕ್ಕಿ 6, ಅವತ್ತು ಚಾರ್ಲ್‌ಸ್ಟನ್‌ನಲ್ಲಿ ಗೆದ್ದ ಸ್ಕೋರೂ 6 ಅಂಡರ್ ಪಾರ್, ಅಂದ್ರೆ ನಿಗದಿ ಹೊಡೆತಗಳಿಗಿಂತ 6 ಕಮ್ಮಿ! ಬಹುಮಾನ 10 ಲಕ್ಷ ಡಾಲರ್, ಆ ಟೂರ್ನಮೆಂಟಲ್ಲಿ ಗೆದ್ದವರಿಗೆ ಅಷ್ಟು ಕೊಟ್ಟಿದ್ದು ಅದೇ ಮೊದಲು.

ಇವರ ಹಿಂದಿನ ಬದುಕು ಕೇಳಿದ್ರೆ ಆ ಗೆಲುವಿನ ತೂಕ ಗೊತ್ತಾಗುತ್ತೆ. ದಕ್ಷಿಣದ ಸುನ್‌ಚನ್ ಊರಿನವರು, ಇವರಿಗೆ 4 ವರ್ಷ ಇದ್ದಾಗ ಲಾರಿ ಓಡಿಸ್ತಿದ್ದ ಅಪ್ಪನಿಗೆ ಆಕ್ಸಿಡೆಂಟ್ ಆಗಿ ಸೊಂಟದಿಂದ ಕೆಳಗೆ ಸ್ವಾಧೀನ ಹೋಯ್ತು. ಚಿಕ್ಕವರಿದ್ದಾಗ ಒಮ್ಮೆ ಗಾಲ್ಫ್ ಬಿಟ್ಟೇಬಿಟ್ಟಿದ್ರು, ಆಮೇಲೆ ಗಾಲ್ಫ್ ಕಲಿಸೋ ಟೀಚರ್ ಆದ್ರೂ ಆದ್ರೆ ಮನೆ ನಡೆಯುತ್ತೆ ಅಂತ ಮತ್ತೆ ಶುರು ಮಾಡಿದ್ದು. ಕೈಯಲ್ಲೇ ಕಂಟ್ರೋಲ್ ಮಾಡೋ ಹಾಗೆ ಬದಲಾಯಿಸಿದ ವ್ಯಾನಲ್ಲಿ ಅದೇ ಅಪ್ಪ ಮಗಳನ್ನ ಟೂರ್ನಮೆಂಟುಗಳಿಗೆ ಕರ್ಕೊಂಡು ಹೋಗ್ತಿದ್ರು. 2016ರಲ್ಲಿ ಕೊರಿಯಾ ಟೂರಿನ ಬೆಸ್ಟ್ ಹೊಸ ಆಟಗಾರ್ತಿ, 2017, 2018 ಎರಡೂ ವರ್ಷ ಅಲ್ಲಿ ಅತಿ ಹೆಚ್ಚು ದುಡ್ಡು ಗೆದ್ದವರು, 2019ರಲ್ಲಿ ಅಮೆರಿಕದಲ್ಲೂ ಬೆಸ್ಟ್ ಹೊಸ ಆಟಗಾರ್ತಿ. 2021ರ ಎವಿಯಾನ್ ಚಾಂಪಿಯನ್‌ಶಿಪ್‌ನಲ್ಲಿ ಒಂದು ರೌಂಡನ್ನ ಬರೀ 61 ಹೊಡೆತದಲ್ಲಿ ಮುಗಿಸಿ ಕೊನೇ ದಿನದ ಹೊತ್ತಿಗೆ ಎಲ್ಲರಿಗಿಂತ ಮುಂದಿದ್ರು, ಆದ್ರೆ ಸ್ಕೋರ್ ಸಮ ಆದಾಗ ಆಡೋ ಪ್ಲೇಆಫಲ್ಲಿ ಸೋತ್ರು, ಸೋಲಿಸಿದ್ದು ಆಸ್ಟ್ರೇಲಿಯಾದ ಮಿಂಜಿ ಲೀ, ಅವರೂ ಕೊರಿಯನ್ ಮೂಲದ ಇನ್ನೊಬ್ಬ ಲೀ.

ಕೆಎಲ್‌ಪಿಜಿಎ ಪಟ್ಟಿಲಿ ಇಂಥವು ಇನ್ನೂ ಬಂದಿವೆ, ಕಿಮ್ ಮಿನ್-ಸನ್5, ಕಿಮ್ ಜಿ-ಹ್ಯನ್2 ಹೀಗೆ. 2017ರಲ್ಲಂತೂ ಜಿ-ಹ್ಯನ್ ಅನ್ನೋ ಹೆಸರಿನ ಬೇರೆ ಬೇರೆ ಆಟಗಾರ್ತಿಯರು ಒಬ್ಬರ ಹಿಂದೊಬ್ಬರು ಟೂರ್ನಮೆಂಟ್ ಗೆದ್ದಾಗ ಹೆಡ್‌ಲೈನ್ ಬರೆಯೋರಿಗೆ ಹಬ್ಬ.

ಇನ್ಮೇಲೆ ನಿಮಗೆ ಇವರಲ್ಲಿ ಯಾರನ್ನಾದ್ರೂ ಹುಡುಕ್ಬೇಕು ಅನ್ಸಿದ್ರೆ ಇಂಗ್ಲಿಷ್ ಸ್ಪೆಲಿಂಗ್ ನಂಬ್ಕೋಬೇಡಿ, ಹಂಗುಲ್ ಹೆಸರು (ಜಂಗ್-ಉನ್ ಅಂದ್ರೆ 정은) ಕಾಪಿ ಮಾಡಿ ಪಕ್ಕದಲ್ಲಿ ಕೆಲಸ ಅಥವಾ ಹುಟ್ಟಿದ ವರ್ಷ ಸೇರಿಸಿ, ನಟಿ ಅಂತ, ಗಾಲ್ಫ್ ಅಂತ, ಲೀ6 ಹುಟ್ಟಿದ 1996 ಅಂತ. ಗಾಲ್ಫ್ ಆಟಗಾರ್ತಿ ಆದ್ರೆ ಹೆಸರಿನ ಜೊತೆ 6 ಹಾಕಿದ್ರೆ ಸಾಕು, ನೇರ ಅವರ ಪೇಜಿಗೇ ಹೋಗುತ್ತೆ.