‘ಪೋರ್ಚುಗೀಸರ ಕಾಲದ’ ಕುರ್ಚಿಯನ್ನು ಒಮ್ಮೆ ಮಗುಚಿ ನೋಡಿ

ಪ್ರಶ್ನೆ: ಅಪ್ಪ ತೀರಿಹೋಗಿ ವರ್ಷ ಆಯಿತು. ಮಂಗಳೂರು ಜೆಪ್ಪುವಿನ ಹಳೆ ಮನೆಯನ್ನು ಬಿಲ್ಡರಿಗೆ ಕೊಡುವುದೆಂದು ಮಾತಾಗಿದೆ. ಒಳಗೆ ಮರದ ಸಾಮಾನು ತುಂಬಾ ಇದೆ, ಗೋಡೆಯಲ್ಲಿ ಏಳೆಂಟು ಚಿತ್ರಗಳೂ ಇವೆ. ಎಲ್ಲವೂ ಪೋರ್ಚುಗೀಸರ ಕಾಲದ್ದು ಅಂತ ಅಮ್ಮ ಹೇಳುತ್ತಾರೆ. ಒಳ್ಳೆ ಬೆಲೆಗೆ ಕೊಡುವುದು ಹೇಗೆ?

ಉತ್ತರ: ಈ ಪ್ರಶ್ನೆ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಒಮ್ಮೆ ಜೆಪ್ಪು, ಇನ್ನೊಮ್ಮೆ ಬಿಜೈ, ಮತ್ತೊಮ್ಮೆ ಉಡುಪಿ. ಮನೆ ಬದಲಾಗುತ್ತದೆ, ಪೋರ್ಚುಗೀಸರು ಮಾತ್ರ ಖಾಯಂ.

ಮೊದಲು ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ. ಗುಜರಿಯವರನ್ನು ಕರೆಯಬೇಡಿ. ಪಾಲಿಶ್ ಹೊಡೆಸಬೇಡಿ. ಪ್ರತಿ ಸಾಮಾನಿನ ಎದುರು, ಹಿಂದೆ, ಅಡಿ ಮೂರೂ ಕಡೆ ಫೋಟೊ ತೆಗೆದು ಅಳತೆ ಬರೆದಿಡಿ. ಒಡಹುಟ್ಟಿದವರೆಲ್ಲ ಒಟ್ಟಿಗೆ ಕೂತು, ಯಾರಿಗೆ ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಿ. ಉಳಿದದ್ದು ಮಾತ್ರ ಮಾರಾಟಕ್ಕೆ.

ಅಮೆರಿಕದಲ್ಲಿರುವ ಮಗ ಫೋನಿನಲ್ಲಿ ‘ಎಸ್ಟೇಟ್ ಸೇಲ್ ಮಾಡುವ’ ಅನ್ನಬಹುದು. ಅಲ್ಲಿ ತೀರಿಹೋದವರ ಮನೆಯ ಬಾಗಿಲು ತೆರೆದು, ಚಮಚದಿಂದ ಮಂಚದ ತನಕ ಬೆಲೆ ಚೀಟಿ ಅಂಟಿಸಿ, ಎರಡು ಮೂರು ದಿನದಲ್ಲಿ ಮನೆ ಖಾಲಿ ಮಾಡುತ್ತಾರೆ. ಇಲ್ಲಿ ಆ ಶಬ್ದ ಹೇಳಿದರೆ ಪಕ್ಕದ ಮನೆಯವರು ‘ಯಾವ ಎಸ್ಟೇಟ್, ಮೂಡಿಗೆರೆಯದ್ದಾ?’ ಅಂತ ಕೇಳುತ್ತಾರೆ. ನಮ್ಮಲ್ಲಿ ಸಾಮಾನು ಹೋಗುವುದು ಒಬ್ಬರು ಇನ್ನೊಬ್ಬರಿಗೆ ಹೇಳಿ. ಹಾಗಾಗಿ ಅವಸರ ಮಾಡಿದವರಿಗೇ ನಷ್ಟ.

ಇನ್ನು ಪೋರ್ಚುಗೀಸರ ವಿಷಯ. ಅವರು ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದು 1568ರಲ್ಲಿ. ಹೈದರಾಲಿ ಮಂಗಳೂರನ್ನು ಹಿಡಿದದ್ದು 1763ರಲ್ಲಿ. ಅಂದರೆ ನಿಮ್ಮ ಡೈನಿಂಗ್ ಕುರ್ಚಿ ನಿಜವಾಗಿ ಪೋರ್ಚುಗೀಸರ ಕಾಲದ್ದಾದರೆ ಅದು ಇನ್ನೂರೈವತ್ತಕ್ಕಿಂತ ಜಾಸ್ತಿ ಮಳೆಗಾಲ ಕಂಡಿರಬೇಕು. ನಮ್ಮ ಮಳೆ, ನಮ್ಮ ಒರಲೆ! ಬೀಟೆ ಮರವೇ ಆಗಿರಲಿ, ಅಷ್ಟು ವರ್ಷ ದಿನಾ ಜನ ಕೂತು ಎದ್ದ ಕುರ್ಚಿ ಹೀಗೆ ನೆಟ್ಟಗೆ ನಿಂತಿರುತ್ತದಾ?

ಕಳೆದ ಆಟಿ ತಿಂಗಳಲ್ಲಿ ಒಬ್ಬರು ರಿಕ್ಷಾದಲ್ಲಿ ಒಂದು ಕುರ್ಚಿ ಹಾಕಿಕೊಂಡು ನನ್ನ ರಿಪೇರಿ ಶೆಡ್ಡಿಗೆ ಬಂದರು. ‘ಇನ್ನೂರು ವರ್ಷ ಗ್ಯಾರಂಟಿ’ ಅಂದರು. ನಾನು ಏನೂ ಹೇಳದೆ ಅದನ್ನು ಬೆಂಚಿನ ಮೇಲೆ ಮಗುಚಿ ಹಾಕಿ ಟಾರ್ಚ್ ಹಿಡಿದೆ. ಕೂರುವ ಕಡೆ ಬೆತ್ತ ಇತ್ತು. ಆದರೆ ಅದು ತೂತಿಗೆ ಪೋಣಿಸಿ ಕೈಯಲ್ಲಿ ಹೆಣೆದದ್ದಲ್ಲ. ಹೆಣೆದೇ ಬರುವ ಬೆತ್ತದ ಹಾಳೆಯನ್ನು ಕತ್ತರಿಸಿ, ಸುತ್ತ ಕೊರೆದ ಸಪೂರ ಕಾಲುವೆಗೆ ಒತ್ತಿ ಅಂಟಿಸಿದ್ದು. ಒರಗುವ ಪಟ್ಟಿ ಪ್ಲೈವುಡ್. ಒಳಗಿನ ಅಡ್ಡಪಟ್ಟಿಯಲ್ಲಿ ಮಿಲ್ಲಿನ ದುಂಡು ಗರಗಸ ಓಡಿದ ಕಮಾನು ಗೆರೆಗಳು. ಕೈಗರಗಸದ ಗೆರೆ ನೇರ ಇರುತ್ತದೆ, ಇದು ಅರ್ಧಚಂದ್ರ. ಮೂಲೆಯಲ್ಲಿ ನಾಲ್ಕು ಸ್ಕ್ರೂ, ನಾಲ್ಕೂ ‘ಪ್ಲಸ್’ ತಲೆಯವು. ಈ ಪ್ಲಸ್ ಸ್ಕ್ರೂ ಬಳಕೆಗೆ ಬಂದದ್ದು ಅಮೆರಿಕದಲ್ಲಿ, 1930ರ ದಶಕದಲ್ಲಿ. ಪೋರ್ಚುಗೀಸರು ಕಾಲಯಂತ್ರ ಇಟ್ಟುಕೊಂಡಿದ್ದರೆ ಮಾತ್ರ ಇದು ಅವರದ್ದು. ಬರೇ ಸ್ಕ್ರೂ ನೋಡಿ ತೀರ್ಪು ಕೊಡಬಾರದು, ರಿಪೇರಿಯಲ್ಲಿ ಬದಲಾಯಿಸಿರಬಹುದು. ಆದರೆ ನಾಲ್ಕು ಸಾಕ್ಷಿಯೂ ಒಂದೇ ಮಾತು ಹೇಳಿದರೆ ಏನು ಮಾಡುವುದು?

ಕುರ್ಚಿ 1950-60ರ ಆಸುಪಾಸಿನದ್ದು. ಊರಿನ ಯಾರೋ ಒಳ್ಳೆ ಆಚಾರಿಯ ಕೆಲಸ. ತೇಗದ ಮರ, ಹಿಂದಿನ ಕಾಲು ತುಸು ಓರೆ, ತೋಳು ತೆಳ್ಳಗೆ, ಒಂದೇ ಒಂದು ಬಳ್ಳಿ ಹೂವಿನ ಕೆತ್ತನೆ ಇಲ್ಲ. ಚಂದ ಇತ್ತು. ಬಂದವರ ಮುಖ ಮಾತ್ರ ಸಪ್ಪೆ ಆಯಿತು. ಅದೇ ನನಗೆ ಅರ್ಥ ಆಗದ್ದು. ಇವತ್ತು ಬೆಂಗಳೂರು, ಮುಂಬಯಿಯಿಂದ ಹುಡುಕಿಕೊಂಡು ಬರುವವರು ಕೇಳುವುದು ಇಂಥದ್ದನ್ನೇ! ಕೆತ್ತನೆ ತುಂಬಿದ ದೊಡ್ಡ ಕಪಾಟು ಫ್ಲ್ಯಾಟಿನ ಲಿಫ್ಟಿಗೇ ಹೋಗುವುದಿಲ್ಲ.

ವಯಸ್ಸೇ ಬೆಲೆ ಅನ್ನುವವರಿಗೆ ಚಂಡೀಗಢದ ಕಥೆ ಹೇಳುತ್ತೇನೆ. 1950ರ ದಶಕದಲ್ಲಿ ಆ ನಗರ ಕಟ್ಟುವಾಗ ಸರಕಾರಿ ಕಚೇರಿಗಳಿಗೆಂದು ತೇಗ, ಬೆತ್ತದ ಕುರ್ಚಿ ಮಾಡಿಸಿದರು. ವಿನ್ಯಾಸ, ಆ ನಗರದ ನಕ್ಷೆ ಮಾಡಿದ ಲ ಕಾರ್ಬೂಸಿಯೆಯ ಸೋದರ ಸಂಬಂಧಿ ಪಿಯರ್ ಜೆನರೆಯದ್ದು. ಮುರಿದವನ್ನು ಕಚೇರಿಯವರೇ ಗುಜರಿ ಬೆಲೆಗೆ ಹರಾಜು ಹಾಕಿದರು. ಹೊರದೇಶದ ವ್ಯಾಪಾರಿಗಳು ಕೊಂಡುಹೋಗಿ ರಿಪೇರಿ ಮಾಡಿಸಿದರು. ಈಗ ಯುರೋಪಿನ ಹರಾಜಿನಲ್ಲಿ ಅವು ಲಕ್ಷಗಟ್ಟಲೆಗೆ ಹೋಗುತ್ತವೆ. ಕೇಂದ್ರ ಗೃಹ ಸಚಿವಾಲಯ ಮಾರಾಟ ನಿಲ್ಲಿಸಿ ಅಂತ ಆದೇಶ ಮಾಡಿದ್ದು 2011ರಲ್ಲಿ, ಬೇಕಾದಷ್ಟು ಹೋದ ಮೇಲೆ. ಅದರಲ್ಲಿ ಒಂದಕ್ಕೂ ನೂರು ವರ್ಷ ಆಗಿಲ್ಲ. (ಕಾಲು ‘ವಿ’ ಆಕಾರದಲ್ಲಿ ಇದೆ ಅಂತ ನಿಮ್ಮ ಕುರ್ಚಿಯನ್ನು ಚಂಡೀಗಢದ್ದು ಮಾಡಬೇಡಿ, ದಯವಿಟ್ಟು.)

ಇನ್ನೊಂದು ತಮಾಷೆ ನೋಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, ಕುಶಲ ಕೆಲಸದ ವಸ್ತು ಪುರಾವಸ್ತು ಆಗುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವ ಹಾಗಿಲ್ಲ, ಅದರ ವ್ಯಾಪಾರಕ್ಕೂ ಲೈಸೆನ್ಸ್ ಬೇಕು. ದುಬೈಯಿಂದ ಬಂದ ಗಿರಾಕಿಗೆ ನೀವು ‘ಇನ್ನೂರು ವರ್ಷದ್ದು’ ಅಂದರೆ ವ್ಯಾಪಾರ ಕೆಡಿಸಿದ್ದು ನೀವೇ ಅಲ್ವಾ?

ಆ ಕುರ್ಚಿಯ ಅಡಿಯಲ್ಲಿ ಪೆನ್ಸಿಲಿನಲ್ಲಿ ‘೪’ ಅಂತ ಬರೆದಿತ್ತು. ಆರರ ಸೆಟ್ಟು ಮಾಡುವಾಗ ಆಚಾರಿ ಹಾಕಿಕೊಂಡ ಗುರುತು. ಉಳಿದ ಐದು ಎಲ್ಲಿ ಅಂದೆ. ‘ಬೆತ್ತ ಹರಿದಿತ್ತು, ಗುಜರಿಗೆ ಕೊಟ್ಟೆವು’ ಅಂದರು. ಬೆತ್ತ ಹೊಸದು ಹಾಕಿಸಬಹುದು ಮಾರಾಯ್ರೆ! ಆರು ಕುರ್ಚಿಯ ಸೆಟ್ಟಿಗೂ ಒಂಟಿ ಕುರ್ಚಿಗೂ ಬೆಲೆಯಲ್ಲಿ ಆರು ಪಟ್ಟು ಮಾತ್ರ ವ್ಯತ್ಯಾಸ ಅಂದುಕೊಳ್ಳಬೇಡಿ. ಒಂಟಿಯನ್ನು ಕೇಳುವವರೇ ಕಡಿಮೆ.

ಪಾಲಿಶ್ ಬೇಡ ಅಂದದ್ದು ಯಾಕೆ? ಹಳೆ ಸಾಮಾನಿಗೆ ಸಾಮಾನ್ಯವಾಗಿ ಚಂದ್ರಸ (ಒಂದು ಬಗೆಯ ಮರದ ಅಂಟು) ಅಥವಾ ಅರಗಿನ ಪಾಲಿಶ್ ಇರುತ್ತದೆ. ಕಾಣದ ಜಾಗದಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿದರೆ ಅರಗು ಮೆದುವಾಗಿ ಹತ್ತಿಗೆ ಕಂದು ಬಣ್ಣ ಹತ್ತುತ್ತದೆ. ಈ ಹಳೆ ಪಾಲಿಶನ್ನು ಮರಳು ಕಾಗದದಲ್ಲಿ ಉಜ್ಜಿ ತೆಗೆದು ಮಿಂಚುವ ಹೊಸ ಪಾಲಿಶ್ ಹೊಡೆದರೆ ಐವತ್ತು ವರ್ಷದ ಬಣ್ಣ ಒಂದು ಮಧ್ಯಾಹ್ನದಲ್ಲಿ ಹೋಯಿತು.

ಚಿತ್ರಗಳಿಗೆ ಬರುತ್ತೇನೆ. ‘ರವಿವರ್ಮನ ಒರಿಜಿನಲ್’ ಅಂತ ನೀವು ಹೇಳುವ ಮೊದಲೇ ಭೂತಗನ್ನಡಿ ಹಿಡಿಯಿರಿ. ಸಣ್ಣ ಸಣ್ಣ ಚುಕ್ಕೆ ಕಂಡರೆ ಅದು ಅಚ್ಚಿನ ಚಿತ್ರ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ್ದೇ ಮನೆ ಮನೆಗೆ ಅಚ್ಚಿನ ಚಿತ್ರ ತಲುಪಲಿ ಅಂತ. ಅದಕ್ಕೂ ಬೆಲೆ ಇದೆ, ಕೋಟಿ ಅಲ್ಲ.

ನಮ್ಮ ಕಡೆ ನಿಧಾನವಾಗಿ ನೋಡಬೇಕಾದ್ದು ಕೆ.ಕೆ. ಹೆಬ್ಬಾರರ ಕೆಲಸ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯಲ್ಲಿ ದೊಡ್ಡ ಹೆಸರು ಮಾಡಿದವರು. ಅವರ ರೇಖಾಚಿತ್ರ ನೋಡಿದ ಕೆಲವರು ‘ಇದು ಮಕ್ಕಳು ಗೀಚಿದ್ದಾ’ ಅಂತ ಕಪಾಟಿನ ಹಿಂದೆ ತಳ್ಳುತ್ತಾರೆ. ಸಹಿ ಇದ್ದ ಮಾತ್ರಕ್ಕೆ ಅಸಲಿ ಆಗುವುದಿಲ್ಲ. ಕೊಂಡ ರಶೀದಿ, ಕಾಗದ, ಚಿತ್ರದ ಬೆನ್ನಿಗೆ ಅಂಟಿಸಿದ ಗ್ಯಾಲರಿ ಚೀಟಿ, ಮದುವೆ ಫೋಟೊದಲ್ಲಿ ಹಿಂದಿನ ಗೋಡೆಯ ಮೇಲೆ ಅದೇ ಚಿತ್ರ ಕಾಣುವುದು, ಇವೇ ಸಾಕ್ಷಿ. ಆಮೇಲೆ ಫೋಟೊಗಳನ್ನು ಮುಂಬಯಿಯ ಒಂದೆರಡು ಹರಾಜು ಸಂಸ್ಥೆಗೆ ಕಳಿಸಿ. ತೆರಿಗೆಯಲ್ಲೂ ಒಂದು ವ್ಯತ್ಯಾಸ ಇದೆ: ಮನೆಬಳಕೆಯ ಕುರ್ಚಿ ಮೇಜು ಮಾರಿದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ, ಚಿತ್ರ ಮಾರಿದರೆ ಇದೆ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಚಿತ್ರಗಳಲ್ಲಿ ಕಂದು ಚುಕ್ಕೆ ಬಿದ್ದಿರುತ್ತದೆ, ಪಂಥ. ಹೊರಗೋಡೆಯ ಮುರಕಲ್ಲು ಮಳೆಗಾಲವಿಡೀ ತೇವ ಹೀರುತ್ತದೆ, ಫ್ರೇಮು ಗೋಡೆಗೆ ಅಂಟಿಕೊಂಡೇ ಇರುತ್ತದೆ, ಹಿಂದಿನ ಅಗ್ಗದ ರಟ್ಟು ಕಾಗದವನ್ನು ತಿನ್ನುತ್ತದೆ. ಚುಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಮಾರುವ ತನಕ ಒಳಗೋಡೆಗೆ ಹಾಕಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿಯ ಬಿರಡೆಯಿಂದ ಕೊಯ್ದ ಎರಡು ತುಂಡು ಅಂಟಿಸಿ, ಗಾಳಿ ಆಡಲಿ. ಹಿಂದಿನ ರಟ್ಟು ಬದಲಾಯಿಸುವುದಾದರೆ ಅದರ ಮೇಲೆ ಏನಾದರೂ ಬರೆದಿದೆಯಾ ಅಂತ ನೋಡಿದ ಮೇಲೆಯೇ ಬಿಸಾಡಿ.